36 ವಾರ ಆಯ್ತು. ರೋಹಿಣಿ ನಕ್ಷತ್ರ ನೋಡಿ ಸಿಸೇರಿಯನ್ ಮಾಡಿಸಿ ಅಂತಿದ್ದಾರೆ, ಏನು ಮಾಡಲಿ?

ತೀರ್ಥಳ್ಳಿ_ಮಳೆ · ಶನಿವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಬಸಿರು. ಇವತ್ತಿಗೆ 36 ವಾರ 1 ದಿನ. ಬೆಂಗಳೂರಿಂದ ತವರಿಗೆ ಬಂದು ಹದಿನೈದು ದಿನ ಆಯ್ತು. ಇಲ್ಲಿ ಮಳೆ ಬಿಡುತ್ತಿಲ್ಲ, ಕರೆಂಟ್ ಇಲ್ಲ, ನಿದ್ದೆಯಂತೂ ಮೊದಲೇ ಇಲ್ಲ. ಅದಕ್ಕೇ ಈ ಹೊತ್ತಲ್ಲಿ ಬರೆಯುತ್ತಿದ್ದೇನೆ.

ವಿಷಯ ಏನೆಂದರೆ, ಡಾಕ್ಟರು ಕೊಟ್ಟ ತಾರೀಕಿಗೆ ಮೂಲಾ ನಕ್ಷತ್ರ ಬೀಳುತ್ತದೆ. ನಮ್ಮತ್ತೆ ಪಂಚಾಂಗ ತೆಗೆದು ನೋಡಿದ್ದಾರೆ. ಮೂಲಾದಲ್ಲಿ ಹುಟ್ಟಿದರೆ ತಂದೆಗೆ ಆಗಿಬರುವುದಿಲ್ಲ ಅಂತ ಅವರಿಗೆ ಹೆದರಿಕೆ. ಬರುವ ಗುರುವಾರ ಬಿಟ್ಟು ಅದರಾಚೆಯ ಗುರುವಾರ ರೋಹಿಣಿ ಇದೆಯಂತೆ. ಆವತ್ತೇ ಸಿಸೇರಿಯನ್ ಮಾಡಿಸಿಬಿಡೋಣ ಅಂತಿದ್ದಾರೆ. ಆ ದಿನಕ್ಕೆ ನನಗೆ 37 ವಾರ 6 ದಿನ ಆಗಿರುತ್ತದೆ. ಅತ್ತೆ ಕೆಟ್ಟವರಲ್ಲ. ಸೀಮಂತದ ದಿನ ನನ್ನ ಕೈಗೆ ಒಂದೊಂದೇ ಹಸಿರು ಬಳೆ ತೊಡಿಸಿ ಅತ್ತುಬಿಟ್ಟರು. ಅದಕ್ಕೇ ಎದುರು ಮಾತಾಡಲು ಆಗುತ್ತಿಲ್ಲ.

ಹೋದ ವಾರದ ಸ್ಕ್ಯಾನಿನಲ್ಲಿ ಮಗು 2.6 ಕೆಜಿ. ತಲೆ ಕೆಳಗಿದೆ, ನೀರು ಸರಿಯಾಗಿದೆ. ಕೊರಳಿಗೆ ಹೊಕ್ಕುಳಬಳ್ಳಿ ಒಂದು ಸುತ್ತು ಅಂತ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಮನೆಯಲ್ಲಿ ಸಿಸೇರಿಯನ್ ಮಾತು ಇನ್ನೂ ಜೋರಾಯ್ತು. ಡಾಕ್ಟರನ್ನು ಕೇಳಿದರೆ "37 ದಾಟಿದರೆ ಮಗು ಬೆಳೆದ ಹಾಗೇ, ನಿಮ್ಮಿಷ್ಟ" ಅಂದರು. ನನ್ನಿಷ್ಟ ಏನು ಅಂತಲೇ ನನಗೆ ಗೊತ್ತಿಲ್ಲ. ಈ ಕೊನೆಯ ಮೂರು ವಾರದಲ್ಲಿ ಮಗು ಸುಮ್ನೆ ಒಳಗೆ ತೂಕ ಏರಿಸಿಕೊಳ್ಳುತ್ತಾ ಅಷ್ಟೇನಾ, ಅಥವಾ ಬೇರೆ ಏನಾದರೂ ಇದೆಯಾ?

ಧಾರವಾಡದಾಕಿ · ಶನಿವಾರ, ರಾತ್ರಿ 11:15

ರೋಹಿಣಿ ಸೋದರಮಾವಗ ಆಗಂಗಿಲ್ಲ ಅಂತಾರ ನಮ್ಮ ಕಡೆ. ಕೃಷ್ಣ ಹುಟ್ಟಿದ್ದು ರೋಹಿಣಿಯೊಳಗ, ಕಂಸನ ಗತಿ ಏನಾತು? ನಿಮಗ ಅಣ್ಣ ತಮ್ಮ ಇದ್ದರ ಒಂದು ಮಾತು ಕೇಳಿ ನೋಡ್ರಿ!

ತೀರ್ಥಳ್ಳಿ_ಮಳೆ · ಶನಿವಾರ, ರಾತ್ರಿ 11:18

ಅಯ್ಯೋ, ತಮ್ಮ ಇದ್ದಾನೆ. ಶಿವಮೊಗ್ಗದಿಂದ ಬಂದವನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ.

ನಿವೃತ್ತ_ಸಿಸ್ಟರ್ · ಭಾನುವಾರ, ಬೆಳಗ್ಗೆ 6:20

ನೋಡಮ್ಮ, ನಾನು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ನಕ್ಷತ್ರ ನಂಬಬೇಡಿ ಅಂತ ಯಾರಿಗೂ ಹೇಳಿದವಳಲ್ಲ. ಆದರೆ ನಿಮ್ಮತ್ತೆಯ ಲೆಕ್ಕದಲ್ಲೇ ಒಂದು ಮಾತು ಹೇಳುತ್ತೇನೆ. ನಕ್ಷತ್ರ ಇಪ್ಪತ್ತೇಳು, ದಿನಕ್ಕೊಂದು. ಮೂಲಾ ಬರುವುದು ಒಂದೇ ದಿನ. ಡಾಕ್ಟರು ಕೊಟ್ಟ ತಾರೀಕಿನಂದೇ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೇ. ಆ ತಾರೀಕು ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಕೊಡುವುದು. ಅಂದರೆ ಒಂಬತ್ತು ತಿಂಗಳು ಏಳು ದಿನ. ಹಿರಿಯರು "ಒಂಬತ್ತು ತಿಂಗಳು ಒಂಬತ್ತು ದಿನ" ಅನ್ನುತ್ತಿದ್ದರಲ್ಲ, ಹೆಚ್ಚು ಕಡಿಮೆ ಅದೇ ಲೆಕ್ಕ. ರೋಹಿಣಿಗೆ ಮಾಡಿಸಿದರೆ ಅದರಲ್ಲಿ ಹದಿನೈದು ದಿನ ಮಗುವಿನಿಂದ ಕಿತ್ತುಕೊಂಡ ಹಾಗೆ.

ಆ ಹದಿನೈದು ದಿನದಲ್ಲಿ ಏನಾಗುತ್ತದೆ ಅಂತ ಕೇಳಿದಿರಿ. ಮೊದಲು ಮೆದುಳು. 35 ವಾರದಲ್ಲಿ ಮಗುವಿನ ಮೆದುಳಿನ ತೂಕ, ತಿಂಗಳು ತುಂಬಿದಾಗ ಇರಬೇಕಾದ ತೂಕದ ಮೂರನೇ ಎರಡು ಪಾಲು ಮಾತ್ರ. ಉಳಿದ ಪಾಲು ಬೆಳೆಯುವುದು ಈ ಕೊನೆಯ ವಾರಗಳಲ್ಲಿ. ಆಮೇಲೆ ಶ್ವಾಸಕೋಶ. ಒಳಗಿರುವಾಗ ಅದರ ತುಂಬ ನೀರಿರುತ್ತದೆ. ನೋವು ಶುರುವಾದಾಗ ತಾಯಿಯ ಮತ್ತು ಮಗುವಿನ ಮೈಯಲ್ಲಿ ಆಗುವ ಬದಲಾವಣೆಯಿಂದ ಆ ನೀರು ಹೀರಿಕೊಳ್ಳಲು ಶುರುವಾಗುತ್ತದೆ. ನೋವೇ ಬಾರದೆ, 39 ವಾರಕ್ಕೂ ಮೊದಲು ಕೊಯ್ದು ತೆಗೆದರೆ ಕೆಲವು ಮಕ್ಕಳು ಹುಟ್ಟಿದ ಗಂಟೆಯಲ್ಲೇ ಏದುಸಿರು ಬಿಡುತ್ತವೆ. ತೂಕ ಮೂರು ಕೆಜಿ ಇರುತ್ತದೆ, ನೋಡಲು ಗುಂಡಗಿರುತ್ತದೆ. ಆದರೂ ಎರಡು ಮೂರು ದಿನ ಗಾಜಿನ ಪೆಟ್ಟಿಗೆಯಲ್ಲಿ ಆಮ್ಲಜನಕದ ಕೆಳಗೆ ಮಲಗಬೇಕು. ತಾಯಿ ಒಂದು ಮಹಡಿಯಲ್ಲಿ, ಮಗು ಇನ್ನೊಂದು ಮಹಡಿಯಲ್ಲಿ. ಮುಹೂರ್ತಕ್ಕೆ ಹುಟ್ಟಿದ ಎಷ್ಟು ಮಕ್ಕಳನ್ನು ನಾನು ಹಾಗೆ ಎತ್ತಿಕೊಂಡು ಓಡಿದ್ದೇನೋ, ಲೆಕ್ಕ ಇಟ್ಟಿಲ್ಲ.

ಇನ್ನು ಚರ್ಮದ ಕೆಳಗಿನ ಕೊಬ್ಬು. ಹುಟ್ಟಿದ ಮೇಲೆ ಮೈ ಬಿಸಿ ಉಳಿಸಿಕೊಳ್ಳುವುದು ಅದರಿಂದಲೇ. ನಿಮ್ಮ ರಕ್ತದಿಂದ ಮಗು ಕಬ್ಬಿಣದ ಅಂಶ ಕೂಡಿಟ್ಟುಕೊಳ್ಳುತ್ತದೆ, ಹುಟ್ಟಿದ ಮೇಲೆ ಮೊದಲ ಕೆಲವು ತಿಂಗಳು ಅದರಲ್ಲೇ ನಡೆಯಬೇಕು. ಅದಕ್ಕೇ ಆ ಕೆಂಪು ಮಾತ್ರೆ ಬಿಡಬೇಡಿ ಅನ್ನುವುದು. ರೋಗ ತಡೆಯುವ ಶಕ್ತಿಯೂ ನಿಮ್ಮಿಂದಲೇ ದಾಟುತ್ತದೆ, ಕೊನೆಯ ವಾರಗಳಲ್ಲಿ ಅದು ಜಾಸ್ತಿ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಂಡು ಮಾಡುವ ಅಭ್ಯಾಸ ಈಗ ನಡೆಯುತ್ತಿರುತ್ತದೆ. ಎರಡು ವಾರ ಮುಂಚೆ ಬಂದ ಮಕ್ಕಳಲ್ಲಿ ಎಷ್ಟೋ ಮಕ್ಕಳು ಮೊಲೆ ಹಿಡಿದು ಎರಡು ಗುಟುಕು ಕುಡಿದು ನಿದ್ದೆ ಹೋಗಿಬಿಡುತ್ತವೆ. ಕಾಮಾಲೆಯೂ ಅಂಥವಕ್ಕೇ ಜಾಸ್ತಿ.

ಬಳ್ಳಿ ಒಂದು ಸುತ್ತು ಇದೆ ಅಂತ ಹೆದರಬೇಡಿ. ನಾಲ್ಕೈದು ಹೆರಿಗೆಯಲ್ಲಿ ಒಂದರಲ್ಲಿ ಕೊರಳಿಗೆ ಸುತ್ತು ಇದ್ದೇ ಇರುತ್ತದೆ. ಮಗು ಬಳ್ಳಿಯಿಂದ ಉಸಿರು ಪಡೆಯುತ್ತದೆ, ಗಂಟಲಿನಿಂದಲ್ಲ. ತಲೆ ಹೊರಬಂದಾಗ ಬೆರಳು ಹಾಕಿ ಸರಿಸಿಬಿಡುತ್ತೇವೆ. ಒಂದು ಸುತ್ತಿಗೋಸ್ಕರ ಯಾರೂ ಹೊಟ್ಟೆ ಕೊಯ್ಯಬೇಕಾಗಿಲ್ಲ.

ಬಿಪಿ, ಸಕ್ಕರೆ, ನೀರು ಕಡಿಮೆ, ಮಗು ಬೆಳೆಯುತ್ತಿಲ್ಲ, ಮಾಸು ಕೆಳಗಿದೆ, ಇಂಥ ಕಾರಣ ಇದ್ದರೆ ಮಾತೇ ಬೇರೆ. ಆಗ ಡಾಕ್ಟರು 37ಕ್ಕೆ ಅಂದರೆ 37ಕ್ಕೇ ಹೋಗಬೇಕು, ಒಳ್ಳೆಯ ದಿನ ನೋಡಿ ಮುಂದೂಡಲೂ ಬಾರದು.

ಡಬ್ಲಿನ್_ಅಮ್ಮ · ಭಾನುವಾರ, ಮಧ್ಯಾಹ್ನ 2:05

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತೀರ್ಥಳ್ಳಿ ಅವರೇ, ನಿಮ್ಮ ತಾರೀಕು ಯಾವ ಸ್ಕ್ಯಾನ್ ನೋಡಿ ಕೊಟ್ಟದ್ದು? ಮೊದಲ ಮೂರು ತಿಂಗಳ ಸ್ಕ್ಯಾನ್ ಆದರೆ ವ್ಯತ್ಯಾಸ ವಾರದೊಳಗೆ. ಕೊನೆಯ ತಿಂಗಳ ಸ್ಕ್ಯಾನಿನಲ್ಲಿ ದಿನ ಎಣಿಸಿದರೆ ಎರಡು ಮೂರು ವಾರ ಅತ್ತಿತ್ತ ಆಗಬಹುದು. ನೀವು 37 ಅಂದುಕೊಂಡದ್ದು ನಿಜವಾಗಿ 36 ಇರಲೂಬಹುದು. ಹಾಗೇ ಆ 2.6 ಕೆಜಿ ಕೂಡ ಅಂದಾಜೇ. ನನ್ನ ಮಗಳು 3.6 ಅಂತ ಹೆದರಿಸಿ 3.1 ಇದ್ದಳು.

ತೀರ್ಥಳ್ಳಿ_ಮಳೆ · ಭಾನುವಾರ, ಮಧ್ಯಾಹ್ನ 3:30

ಹತ್ತು ವಾರದ ಸ್ಕ್ಯಾನ್ ನೋಡಿ ಕೊಟ್ಟದ್ದು. ಸಿಸ್ಟರ್ ಬರೆದದ್ದನ್ನು ನಮ್ಮವರಿಗೆ ಓದಿ ಹೇಳಿದೆ. "ಮೂಲಾ ನನಗೆ ತಾನೇ ಆಗದಿರುವುದು? ನನಗೇನೂ ತೊಂದರೆಯಿಲ್ಲ" ಅಂದರು. ಆದರೆ ಅಮ್ಮನಿಗೆ ಫೋನ್ ಮಾಡುವ ಧೈರ್ಯ ಅವರಿಗೂ ಇಲ್ಲ.

ಅದಿರಲಿ, ಮೈಯಲ್ಲಿ ಆಗುತ್ತಿರುವುದು ಕೇಳಿ. ರಾತ್ರಿ ಐದು ಸಲ ಎದ್ದು ಬಚ್ಚಲಿಗೆ. ಬೆಳಗ್ಗೆ ಎದ್ದಾಗ ಬೆರಳೆಲ್ಲ ಜೋಮು, ಲೋಟ ಹಿಡಿಯಲು ಆಗುವುದಿಲ್ಲ. ನಡೆಯುವಾಗ ಕೆಳಗೆ ಇದ್ದಕ್ಕಿದ್ದಂತೆ ಕರೆಂಟ್ ಹೊಡೆದ ಹಾಗೆ ಆಗಿ ನಿಂತುಬಿಡುತ್ತೇನೆ. ಮೊನ್ನೆ ರವಿಕೆ ಒದ್ದೆಯಾಗಿತ್ತು. ಇದೆಲ್ಲ ಎಲ್ಲರಿಗೂ ಆಗುತ್ತಾ?

ಧಾರವಾಡದಾಕಿ · ಭಾನುವಾರ, ಸಂಜೆ 5:40

ಎಲ್ಲಾರಿಗೂ ಆಗ್ತದ ತಂಗಿ. ಕರೆಂಟ್ ಹೊಡೆಯುವುದು ಮಗುವಿನ ತಲೆ ಕೆಳಗೆ ಇಳಿದು ನರಕ್ಕೆ ಒತ್ತಿದಾಗ. ಮೊದಲನೇದಕ್ಕೆ ಎರಡು ಮೂರು ವಾರ ಮುಂಚೆನೇ ತಲೆ ಇಳಿದು ಕೂತುಬಿಡುತ್ತದೆ. ಆಗ ಎದೆ ಹಗುರ, ಉಸಿರು ಸಲೀಸು, ಎದೆಯುರಿ ಕಡಿಮೆ. ಕೆಳಗೆ ಮಾತ್ರ ಕಲ್ಲು ಕಟ್ಟಿದ ಹಂಗ. ನನಗೆ ಎರಡನೇದಕ್ಕೆ ಬ್ಯಾನಿ ಶುರು ಆಗೋ ತನಕ ತಲೆ ಕೂರಲೇ ಇಲ್ಲ. ಇನ್ನೂ ಫಿಕ್ಸ್ ಆಗಿಲ್ಲ ಅಂತ ಚಿಂತಿ ಮಾಡಿದ್ದೇ ಮಾಡಿದ್ದು, ಎರಡನೇದಕ್ಕೆ ಹಂಗೇ ಅಂತೆ.

ಕೈ ಜೋಮು ಊತದಿಂದ. ಮಣಿಕಟ್ಟಿನಲ್ಲಿ ನೀರು ತುಂಬಿ ನರ ಒತ್ತುತ್ತದೆ, ಹೆರಿಗೆ ಆದಮೇಲೆ ತಾನೇ ಹೋಗುತ್ತದೆ. ರವಿಕೆ ಒದ್ದೆ ಆದದ್ದು ಮೊದಲ ಹಾಲು. ಹಳದಿ ಅಂಟು ಇರುತ್ತದೆ. ಹಿಂಡಿ ನೋಡಬೇಡ್ರಿ, ಸುಮ್ನೆ ಒರೆಸಿಕೊಳ್ಳಿ. ಸೋರಲಿಲ್ಲ ಅಂದರೂ ಹಾಲು ಬರೋದಿಲ್ಲ ಅಂತಲ್ಲ.

ಒಂದು ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ನಾ ಹೇಳ್ತೀನಿ. ನನಗೆ ಮೂಲಾ ನಕ್ಷತ್ರಕ್ಕಿಂತ ಮೂಲವ್ಯಾಧಿದ್ದೇ ಚಿಂತಿ ಜಾಸ್ತಿ ಇತ್ತು. ಕಬ್ಬಿಣದ ಮಾತ್ರೆ, ಮೇಲೆ ಈ ಭಾರ. ನೀರು, ಸೊಪ್ಪು, ನೆನೆಸಿದ ಒಣದ್ರಾಕ್ಷಿ. ತಡಿಯಕ್ಕಾಗದಿದ್ದರೆ ಡಾಕ್ಟರಿಗೆ ನಾಚಿಕಿ ಬಿಟ್ಟು ಹೇಳ್ರಿ, ಔಷಧ ಇದೆ.

ಗಾಬರಿ_ಗಂಡ · ಭಾನುವಾರ, ರಾತ್ರಿ 9:10

ಇಲ್ಲಿ ಗಂಡಸರು ಕೇಳಬಹುದಾ? ನನ್ನ ಹೆಂಡತಿಗೆ 35 ವಾರ 3 ದಿನ. ಒಂದು ವಾರದಿಂದ ಅಂಗೈ ಅಂಗಾಲು ಸಿಕ್ಕಾಪಟ್ಟೆ ತುರಿಕೆ. ರಾತ್ರಿಯಾದರೆ ಅಳುತ್ತಾಳೆ. ಗುಳ್ಳೆ ಏನೂ ಇಲ್ಲ. ಹೊಟ್ಟೆ ಹಿಗ್ಗಿದಾಗ ತುರಿಕೆ ಸಹಜ ಅಂತ ಅತ್ತೆ ಬೇವಿನ ಸೊಪ್ಪಿನ ನೀರು ಹಚ್ಚುತ್ತಿದ್ದಾರೆ.

ನಿವೃತ್ತ_ಸಿಸ್ಟರ್ · ಭಾನುವಾರ, ರಾತ್ರಿ 9:25

ಹೊಟ್ಟೆ ತುರಿಕೆ ಸಹಜ. ಅಂಗೈ ಅಂಗಾಲಿನದು, ಅದೂ ಗುಳ್ಳೆಯಿಲ್ಲದೆ ರಾತ್ರಿ ಹೆಚ್ಚಾಗುವುದು, ಸಹಜ ಅಂತ ಬಿಡುವಂಥದ್ದಲ್ಲ. ಬಸಿರಿನಲ್ಲಿ ಕೆಲವರಿಗೆ ಯಕೃತ್ತಿನಿಂದ ಪಿತ್ತ ಸರಿಯಾಗಿ ಹರಿಯದೆ ರಕ್ತದಲ್ಲಿ ಸೇರುತ್ತದೆ. ನಮ್ಮ ದೇಶದ ಕಡೆಯ ಹೆಂಗಸರಲ್ಲಿ ಇದು ಸ್ವಲ್ಪ ಜಾಸ್ತಿಯೇ. ತಾಯಿಗೆ ತುರಿಕೆ ಅಷ್ಟೇ, ಆದರೆ ಮಟ್ಟ ತುಂಬಾ ಏರಿದರೆ ಮಗುವಿಗೆ ಅಪಾಯ. ನಾಳೆ ಬೆಳಗ್ಗೆಯೇ ಹೋಗಿ. ಲಿವರ್ ಪರೀಕ್ಷೆ ಜೊತೆಗೆ ಬೈಲ್ ಆಸಿಡ್, ಅಂದರೆ ರಕ್ತದಲ್ಲಿ ಸೇರಿದ ಪಿತ್ತದ ಪರೀಕ್ಷೆ ಬೇಕು ಅಂತ ನೀವೇ ಕೇಳಿ. ಬೇವಿನ ನೀರು ಆಮೇಲೆ.

ಅಜ್ಜಿ_68 · ಸೋಮವಾರ, ಬೆಳಗ್ಗೆ 7:45

ನಮ್ಮ ಕಾಲದಲ್ಲಿ ಸ್ಕ್ಯಾನೂ ಇಲ್ಲ ಏನೂ ಇಲ್ಲ, ಆರು ಹೆತ್ತೆ. ಒಂಬತ್ತು ತುಂಬಿದ ಮೇಲೆ ಬಿಸಿ ಹಾಲಿಗೆ ಎರಡು ಚಮಚ ಹರಳೆಣ್ಣೆ ಹಾಕಿ ಕುಡಿಸುತ್ತಿದ್ದರು, ಸಲೀಸಾಗಿ ಆಗುತ್ತಿತ್ತು. ತುಪ್ಪವನ್ನೂ ಚೆನ್ನಾಗಿ ತಿನ್ನಿ, ದಾರಿ ಜಾರುತ್ತದೆ. ಆ ಹುಡುಗಿಗೆ ಹೇಳಿ, ಹೆದರಬೇಡ ಮಗಳೇ.

ನಿವೃತ್ತ_ಸಿಸ್ಟರ್ · ಸೋಮವಾರ, ಬೆಳಗ್ಗೆ 8:30

ಅಮ್ಮಾ, ನಿಮ್ಮ ಧೈರ್ಯ ಇವರಿಗೂ ಬರಲಿ. ಹರಳೆಣ್ಣೆ ಮಾತ್ರ ಬೇಡ. ಅದು ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ, ಹುಡುಗಿ ನೀರು ಕಳೆದುಕೊಂಡು ಸುಸ್ತಾಗಿ ಹೆರಿಗೆಗೆ ಬರುತ್ತಾಳೆ. ತುಪ್ಪ ಹೋಗುವುದು ಹೊಟ್ಟೆಗೆ. ಮಗು ಬರುವ ದಾರಿಯೇ ಬೇರೆ, ಅಲ್ವಾ? ರುಚಿಗೆ ಒಂದು ಚಮಚ ಹಾಕಿಕೊಳ್ಳಲಿ, ಬೇಡ ಅನ್ನುವುದಿಲ್ಲ.

ಗಾಬರಿ_ಗಂಡ · ಬುಧವಾರ, ಸಂಜೆ 6:00

ಸಿಸ್ಟರ್, ರಿಪೋರ್ಟ್ ಬಂತು. ಬೈಲ್ ಆಸಿಡ್ 52, ಇರಬೇಕಾದ್ದಕ್ಕಿಂತ ಜಾಸ್ತಿ. ಮಾತ್ರೆ ಕೊಟ್ಟಿದ್ದಾರೆ, ವಾರ ವಾರ ಪರೀಕ್ಷೆ, 38 ತುಂಬುತ್ತಿದ್ದಂತೆ ನೋವು ಬರಿಸುತ್ತೇವೆ ಅಂದಿದ್ದಾರೆ. ಒಬ್ಬರಿಗೆ ಕಾಯಿರಿ ಅಂತೀರಿ, ನಮಗೆ ಬೇಗ ಮಾಡಿಸಬೇಕು. ಅತ್ತೆ ಈಗ ಬೇವಿನ ಸೊಪ್ಪು ಎಸೆದಿದ್ದಾರೆ, ನನ್ನ ಜೊತೆ ಮಾತೂ ಸ್ವಲ್ಪ ಕಡಿಮೆ ಮಾಡಿದ್ದಾರೆ.

ತೀರ್ಥಳ್ಳಿ_ಮಳೆ · ಶುಕ್ರವಾರ, ಬೆಳಗ್ಗೆ 11:00

ಇವತ್ತಿಗೆ 37. ನಿನ್ನೆ ರಾತ್ರಿ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು, ಎರಡು ಗಂಟೆ ಹೊತ್ತು. ಅಪ್ಪ ಕಾರು ತೆಗೆದು ನಿಂತರು. ಎದ್ದು ಓಡಾಡಿ ನೀರು ಕುಡಿದ ಮೇಲೆ ನಿಂತುಹೋಯ್ತು. ಇದೇ ಸುಳ್ಳು ನೋವಾ? ನಮ್ಮೂರಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಮೇಲಾಗುತ್ತದೆ. ಮಳೆಯಲ್ಲಿ ಮರ ಬಿದ್ದರೆ ಎಷ್ಟು ಹೊತ್ತೋ. ಯಾವಾಗ ಹೊರಡಬೇಕು ಅಂತಲೇ ಚಿಂತೆ.

ನಿವೃತ್ತ_ಸಿಸ್ಟರ್ · ಶುಕ್ರವಾರ, ಮಧ್ಯಾಹ್ನ 12:40

ಹೌದು, ಸುಳ್ಳು ನೋವು. ಓಡಾಡಿದರೆ, ಮಗ್ಗುಲು ಬದಲಿಸಿದರೆ ನಿಲ್ಲುತ್ತದೆ. ನಿಜವಾದದ್ದು ಏನು ಮಾಡಿದರೂ ನಿಲ್ಲುವುದಿಲ್ಲ. ಸೊಂಟದಿಂದ ಎದ್ದು ಮುಂದಕ್ಕೆ ಬರುತ್ತದೆ, ಹೊತ್ತು ಹೋದಂತೆ ಹತ್ತಿರ ಹತ್ತಿರ ಆಗುತ್ತದೆ. ಪೇಟೆಯವರಿಗೆ ಐದು ನಿಮಿಷಕ್ಕೊಂದು, ಒಂದು ನಿಮಿಷ ಇರುವ ನೋವು, ಒಂದು ಗಂಟೆ ನಡೆದರೆ ಬನ್ನಿ ಅಂತ ಹೇಳುತ್ತಾರೆ. ಅರವತ್ತು ಕಿಲೋಮೀಟರ್ ದೂರದವರಿಗೆ ಆ ಲೆಕ್ಕ ಬೇಡ. ಹತ್ತು ನಿಮಿಷಕ್ಕೊಂದು ಕ್ರಮವಾಗಿ ಬರುತ್ತಿದೆ ಅನ್ನಿಸಿದರೆ ಹೊರಟುಬಿಡಿ. ಸುಳ್ಳಾದರೆ ವಾಪಸ್ ಬನ್ನಿ, ಯಾರೂ ನಗುವುದಿಲ್ಲ.

ರಕ್ತದ ಎಳೆ ಇರುವ ಲೋಳೆ ಹೋದರೆ ಗಾಬರಿ ಬೇಡ, ಆಮೇಲೂ ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗುತ್ತದೆ. ನೀರು ಹೋದರೆ ಮಾತ್ರ ನೋವಿಲ್ಲದಿದ್ದರೂ ಹೊರಡಿ. ಹೊರಡುವ ಮುಂಚೆ ಬಟ್ಟೆಯಲ್ಲಿ ಬಣ್ಣ ನೋಡಿ. ಹಸಿರಿದ್ದರೆ ಮಗು ಒಳಗೇ ಮಲ ಮಾಡಿದೆ ಅಂತ, ಆಗ ಒಂದು ನಿಮಿಷವೂ ತಡ ಬೇಡ. ಕೆಂಪು ರಕ್ತ ಸುರಿದರೂ ಅಷ್ಟೇ. ತಲೆ ಸಿಡಿಯುವ ನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಇವು ಬಿಪಿಯ ಗುರುತು. ಬರೀ ಸಂಜೆಯ ಕಾಲೂತಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಕಾರು ಕೈಕೊಟ್ಟರೆ 108. ನಿಮ್ಮ ಆಶಾ ಕಾರ್ಯಕರ್ತೆಯ ನಂಬರ್ ಅಪ್ಪನ ಫೋನಿನಲ್ಲೂ ಇರಲಿ. ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ತಾಯಿ ಕಾರ್ಡ್ ಇಡಿ. ರಕ್ತದ ಗುಂಪು, ಹಿಮೋಗ್ಲೋಬಿನ್ ಎಲ್ಲ ಅದರಲ್ಲೇ ಇರುತ್ತದೆ. ಹೊಸ ಬಟ್ಟೆ ಬೇಡ, ತೊಳೆದ ಹಳೇ ಕಾಟನ್ ಸೀರೆ ತುಂಡು ಇಡಿ.

ತೀರ್ಥಳ್ಳಿ_ಮಳೆ · ಮಂಗಳವಾರ, ರಾತ್ರಿ 9:35

ಯಾರಾದರೂ ಇದ್ದೀರಾ? ಮಧ್ಯಾಹ್ನದಿಂದ ಮಗು ಆಡುವುದು ಕಡಿಮೆ ಅನ್ನಿಸುತ್ತಿದೆ. ದಿನಾ ಊಟ ಆದ ಕೂಡಲೇ ಒದೆಯುತ್ತಿತ್ತು. ಚಿಕ್ಕಮ್ಮ ಹೇಳುತ್ತಾರೆ, ಕೊನೆ ವಾರ, ಒಳಗೆ ಜಾಗ ಇಲ್ಲ, ಅದಕ್ಕೇ ಆಡುವುದಿಲ್ಲ ಅಂತ.

ಡಬ್ಲಿನ್_ಅಮ್ಮ · ಮಂಗಳವಾರ, ರಾತ್ರಿ 9:38

ಜಾಗ ಇಲ್ಲ ಅನ್ನುವ ಮಾತು ನಂಬಬೇಡಿ! ಆಟದ ರೀತಿ ಬದಲಾಗುತ್ತದೆ. ಪಲ್ಟಿ ಹೊಡೆಯುವುದು ಹೋಗಿ ಹೊರಳುವುದು, ಮೊಣಕೈ ಚಾಚುವುದು ಆಗುತ್ತದೆ. ಆದರೆ ಎಷ್ಟು ಸಲ ಅನ್ನುವುದು ಹೆರಿಗೆಯವರೆಗೂ ಕಡಿಮೆ ಆಗಬಾರದು. ಇಲ್ಲಿ ಮೊದಲ ದಿನದಿಂದ ಇದನ್ನೇ ತಲೆಗೆ ತುಂಬುತ್ತಾರೆ.

ನಿವೃತ್ತ_ಸಿಸ್ಟರ್ · ಮಂಗಳವಾರ, ರಾತ್ರಿ 9:44

ಮಗು ಮಲಗಿದ್ದರೆ ಇಪ್ಪತ್ತರಿಂದ ನಲವತ್ತು ನಿಮಿಷ ಆಡುವುದಿಲ್ಲ, ಅದು ಸರಿ. ಮಧ್ಯಾಹ್ನದಿಂದ ಕಡಿಮೆ ಅಂದರೆ ಅದು ನಿದ್ದೆಯ ಮಾತಲ್ಲ. ಮಾಮೂಲಿ ದಿನದಲ್ಲಿ ಸಂಶಯ ಬಂದರೆ ಊಟ ಮಾಡಿ, ಎಡಮಗ್ಗುಲಲ್ಲಿ ಮಲಗಿ, ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲವಾದರೂ ಆಡಬೇಕು ಅಂತ ಲೆಕ್ಕ. ನೀವು ಇಷ್ಟು ದೂರ ಇದ್ದೀರಿ, ಇಷ್ಟು ಹೊತ್ತು ಆಗಿದೆ. ಎಣಿಸುತ್ತಾ ಕೂರಬೇಡಿ. ಕಾರಿನಲ್ಲಿ ಎಣಿಸಿಕೊಂಡು ಹೋಗಿ. ಬೆಳಗಾಗಲಿ ಅನ್ನಬೇಡಿ.

ಅಜ್ಜಿ_68 · ಮಂಗಳವಾರ, ರಾತ್ರಿ 10:02

ಹೋಗು ಮಗಳೇ. ನನ್ನ ನಾಲ್ಕನೆಯದು ಹೀಗೇ ಆಡುವುದು ನಿಲ್ಲಿಸಿತ್ತು. ಆಗ ಹೋಗಲು ಎತ್ತಿನ ಗಾಡಿಯೂ ಇರಲಿಲ್ಲ. ಆರು ಹೆತ್ತೆ ಅಂದೆನಲ್ಲ, ಉಳಿದದ್ದು ಐದು.

ತೀರ್ಥಳ್ಳಿ_ಮಳೆ · ಬುಧವಾರ, ಬೆಳಗಿನ ಜಾವ 3:15

ಶಿವಮೊಗ್ಗದಲ್ಲಿದ್ದೇವೆ. ಹೊಟ್ಟೆಗೆ ಬೆಲ್ಟ್ ಕಟ್ಟಿ ನಲವತ್ತು ನಿಮಿಷ ಎದೆಬಡಿತ ಬರೆದುಕೊಂಡರು. ಎಲ್ಲ ಸರಿಯಾಗಿದೆ. ಬೆಲ್ಟ್ ಕಟ್ಟಿದ ಕೂಡಲೇ ಕಳ್ಳ ಒದೆಯಲು ಶುರು ಮಾಡಿತು. ನೀರು, ರಕ್ತದ ಹರಿವು ನೋಡಿದರು, ಚೆನ್ನಾಗಿದೆ. ಮತ್ತೆ ಹೀಗಾದರೆ ಮತ್ತೆ ಬನ್ನಿ ಅಂದರು.

ಅಜ್ಜಿ, ನಿಮ್ಮ ಮಾತು ಓದಿ ದಾರಿಯುದ್ದಕ್ಕೂ ಅತ್ತುಬಿಟ್ಟೆ.

ಅತ್ತೆಗೆ ವಿಷಯ ಗೊತ್ತಾಗಿ ಫೋನ್ ಮಾಡಿದ್ದರು. ಹೇಗೂ ಆಸ್ಪತ್ರೆಯಲ್ಲೇ ಇದ್ದೀಯ, ನಾಡಿದ್ದು ಗುರುವಾರ ತಾನೇ ಅಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, "ನೀವೇ ಹೇಳ್ತೀರಲ್ಲ ಅತ್ತೆ, ಒಂಬತ್ತು ತಿಂಗಳು ಒಂಬತ್ತು ದಿನ ಅಂತ. ಇನ್ನೂ ಆಗಿಲ್ಲ" ಅಂದೆ. ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಊಟ ಮಾಡಿದೆಯಾ?" ಅಂತ ಕೇಳಿದರು. ನಾನು ತಮ್ಮನ ಮನೆಯಲ್ಲೇ, ಶಿವಮೊಗ್ಗದಲ್ಲೇ ಉಳಿಯುತ್ತೇನೆ. ರೋಹಿಣಿಯಿಂದ ಪಾರಾದ ಖುಷಿಗೆ ಅವನೇ ಕೋಣೆ ಬಿಟ್ಟುಕೊಟ್ಟಿದ್ದಾನೆ.

ಗಾಬರಿ_ಗಂಡ · ಶುಕ್ರವಾರ, ಬೆಳಗ್ಗೆ 10:20

ನಮ್ಮದು ಆಯ್ತು! ನಿನ್ನೆ ಬೆಳಗ್ಗೆ ನೋವು ಬರಿಸಲು ಔಷಧ ಇಟ್ಟರು, ಇವತ್ತು ಬೆಳಗಿನ ಜಾವ ಮಗಳು. 2.7 ಕೆಜಿ. ಹೆಂಡತಿ ಹೇಳಿದ ಮೊದಲ ಮಾತು "ತುರಿಕೆ ಇವತ್ತು ಕಡಿಮೆ" ಅಂತ. ಸಿಸ್ಟರ್, ನಿಮ್ಮ ಕಾಲಿಗೆ ಬೀಳಬೇಕು ಅಂತ ಅತ್ತೆ ಹೇಳುತ್ತಿದ್ದಾರೆ. ನನ್ನ ಫೋನ್ ಮಾತ್ರ ಇನ್ನೂ ಎತ್ತುತ್ತಿಲ್ಲ.

ತೀರ್ಥಳ್ಳಿ_ಮಳೆ · ಮಂಗಳವಾರ, ಮಧ್ಯಾಹ್ನ 4:00

ಭಾನುವಾರ ಸಂಜೆ 6:12ಕ್ಕೆ ಮಗ ಹುಟ್ಟಿದ. 39 ವಾರ 2 ದಿನ. 3.1 ಕೆಜಿ. ಬೆಳಗಿನ ಜಾವ ಸೊಂಟದಿಂದ ಶುರುವಾಯ್ತು. ಈ ಸಲ ಓಡಾಡಿದರೂ ನಿಲ್ಲಲಿಲ್ಲ. ಬಳ್ಳಿ ಒಂದು ಸುತ್ತು ಇದ್ದೇ ಇತ್ತಂತೆ, ಸಿಸ್ಟರ್ ಹೇಳಿದ ಹಾಗೆ ಬೆರಳಲ್ಲೇ ಸರಿಸಿದರಂತೆ. ತಲೆ ಸ್ವಲ್ಪ ಉದ್ದವಾಗಿತ್ತು, ನೋಡಿ ಹೆದರಿದೆ. ದಾರಿಯಲ್ಲಿ ಒತ್ತಿದ್ದು, ಎರಡು ದಿನದಲ್ಲಿ ಗುಂಡಗಾಗುತ್ತೆ ಅಂದರು. ಆಗುತ್ತಿದೆ. ಕಿವಿಯ ಮೇಲೆ ಇನ್ನೂ ಸಣ್ಣ ಕೂದಲು, ತೊಡೆಯ ಸಂದಿಯಲ್ಲಿ ಬೆಣ್ಣೆಯಂಥದ್ದು. ಉಗುರು ಎಷ್ಟು ಉದ್ದ ಅಂದರೆ ಆಗಲೇ ಕೆನ್ನೆಗೆ ಗೀರಿಕೊಂಡಿದ್ದಾನೆ.

ಅತ್ತೆ ನಿನ್ನೆ ಬಂದರು. ಮಗುವನ್ನು ಎತ್ತಿಕೊಂಡೇ ಪಂಚಾಂಗ ಕೇಳಿದರು. ಚಿತ್ತಾ ನಕ್ಷತ್ರ. ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡು, "ಚಿತ್ತಾ ಅಡ್ಡಿಯಿಲ್ಲ" ಅಂದರು.

ಧಾರವಾಡದಾಕಿ · ಮಂಗಳವಾರ, ಸಂಜೆ 4:20

ಸೋದರಮಾವಗ ನನ್ನ ಕಡೆಯಿಂದ ಅಭಿನಂದನೆ ಹೇಳ್ರಿ!

ಅಜ್ಜಿ_68 · ಮಂಗಳವಾರ, ಸಂಜೆ 5:05

ಮಗು ಹಾಲು ಹಿಡಿಯುತ್ತಾ ಮಗಳೇ? ಬೆಚ್ಚಗಿರು. ಬಾಣಂತಿಗೆ ಹಾಲು ಬರಲು ಏನು ತಿನ್ನಬೇಕು ಅಂತ ನಾಳೆ ಬರೆಯುತ್ತೇನೆ. ಹರಳೆಣ್ಣೆ ಇರುವುದಿಲ್ಲ, ಸಿಸ್ಟರಿಗೆ ಹೇಳಿ.